ಕಿವಿ ನಿಂಗರಾಜು ಹುಡುಕಿದ ಮಿಸ್ಸಿಂಗು

ನಂಜನಗೂಡಿನ ಊಟಿ ರಸ್ತೆಯಲ್ಲಿ ಒಳ್ಳೆ ಗ್ಯಾರೇಜು ಎಲ್ಲಿದೆ ಎಂದು ಕೇಳಿದರೆ ಯಾರೂ ಬೋರ್ಡು ನೋಡಿಕೊಂಡು ಹೋಗು ಎನ್ನುವುದಿಲ್ಲ. ಬೈಗುಳ ಕೇಳಿಸುವ ಶೆಡ್ಡಿಗೆ ಹೋಗು ಎನ್ನುತ್ತಾರೆ. ಅದು ನಿಂಗರಾಜುವಿನ ಶೆಡ್ಡು. ಹೆಡತಲೆಯಲ್ಲಿ ಹುಟ್ಟಿ, ಮೀಸೆ ಮೂಡುವ ಮೊದಲೇ ಮೈಸೂರಿನ ಮೇಸ್ತ್ರಿಯೊಬ್ಬನ ಕೈಯಲ್ಲಿ ಸ್ಪ್ಯಾನರ್ ಏಟು ತಿಂದು ಕೆಲಸ ಕಲಿತವನು. ತಿಂದ ಏಟನ್ನೆಲ್ಲ ನಾಲಗೆಯಲ್ಲಿ ಊರಿಗೆ ಹಂಚುತ್ತಿದ್ದ. ಗಾಡಿ ತಂದವನನ್ನು ಮೊದಲು ಬೈಯುವುದು, ಆಮೇಲೆ ಬಾನೆಟ್ ಎತ್ತುವುದು.

"ಎಮ್ಮೆ ಮೇಯ್ಸಕ್ಕೆ ಲಾಯಕ್ಕಿಲ್ದೋನ ಕೈಗೆ ಕಾರು ಯಾವನ್ಲಾ ಕೊಟ್ಟೋನು?"

ಇಷ್ಟಾದರೂ ಜನ ಬರುತ್ತಿದ್ದರು. ಬರುತ್ತಿದ್ದುದು ಅವನ ಕಿವಿಗೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಎಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿದನೆಂದರೆ ಒಳಗಿನ ರೋಗ ಹೊರಬೀಳುತ್ತಿತ್ತು. ಹಾಗಾಗಿ ಕಿವಿ ನಿಂಗರಾಜು ಎಂಬ ಹೆಸರು ಬಂತು. ಹೆಂಡತಿ ಜಗಳವಾಡಿ ಮುಡುಕುತೊರೆಯ ತವರು ಸೇರಿದಾಗ ಕರೆಯಲು ಹೋಗದವನು, ಯಾರೋ ಕಿವಿ ಬಿಟ್ಟು ಬರೀ ನಿಂಗರಾಜು ಎಂದಾಗ ಊಟ ಬಿಟ್ಟಿದ್ದ. ಅವನಿಗಿದ್ದ ಒಂದೇ ಆಸ್ತಿ ಆ ಹೆಸರು.

ಆ ಆಸ್ತಿಗೆ ಗೆದ್ದಲು ಹಿಡಿದದ್ದು ಟಿ. ನರಸೀಪುರದ ನಾಗೇಂದ್ರನ ಕಾರಿನಿಂದ. ನಾಗೇಂದ್ರ ರೈಸ್ ಮಿಲ್ಲಿನ ಒಡೆಯ. ಯಾರೋ ಓಡಿಸಿ ಬಿಟ್ಟ ಕೆಂಪು ಸ್ಪೋರ್ಟ್ಸ್ ಕಾರೊಂದನ್ನು ಬೆಂಗಳೂರಿನಿಂದ ತಂದಿದ್ದ. ಎರಡೇ ಬಾಗಿಲು, ನೆಲ ನೆಕ್ಕುವ ಹೊಟ್ಟೆ. ಬಂದವರಿಗೆಲ್ಲ ತೋರಿಸಲೆಂದು ಎಂಜಿನ್ ಮೇಲಿನ ಪ್ಲಾಸ್ಟಿಕ್ ಮುಚ್ಚಳವನ್ನೇ ಕಿತ್ತು ಮನೆಯೊಳಗೆ ಇಟ್ಟಿದ್ದ. ಮೈ ಬಿಟ್ಟುಕೊಂಡು ನಿಂತ ಪೈಲ್ವಾನನ ಹಾಗೆ ಕಾಣುತ್ತಿತ್ತು ಎಂಜಿನ್ನು. ಆದರೆ ಅದು ಮಿಸ್ಸಿಂಗ್ ಹೊಡೆಯುತ್ತಿತ್ತು. ವೇಗ ಕೇಳಿದರೆ ಗಂಟಲಿಗೆ ಮುದ್ದೆ ಸಿಕ್ಕಿಕೊಂಡವನಂತೆ ಕೆಮ್ಮಿ, ಜರ್ಕು ಹೊಡೆದು, ತೆವಳುತ್ತಿತ್ತು.

ನಿಂಗರಾಜು ಕಿವಿಯಿಟ್ಟು ಕೇಳಿದ. "ಮೂರ್ನೇ ಸಿಲಿಂಡ್ರು ಸಾ," ಎಂದ. ಪ್ಲಗ್ ಬದಲಾಯಿಸಿದ. ಕಾರು ಹುಲಿಯಂತೆ ಹೋಯಿತು, ವಾರದೊಳಗೆ ಬೆಕ್ಕಿನಂತೆ ಮರಳಿತು. ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ಹೊಸದು ಹಾಕಿದ. ಮತ್ತೆ ಅದೇ ಕಥೆ. ಇಂಜೆಕ್ಟರ್ ಬಿಚ್ಚಿ ತೊಳೆದ, ವೈರನ್ನೆಲ್ಲ ತಡವಿದ. ಶೆಡ್ಡಿನಲ್ಲಿ ಸಾಧು, ನರಸೀಪುರದಲ್ಲಿ ಕ್ಷಯರೋಗಿ.

ಎದುರು ಗ್ಯಾರೇಜಿನ ಶಿವಮೂರ್ತಿಗೆ ಹಬ್ಬವಾಯಿತು. ಅವನ ಹತ್ತಿರ ಎಂಜಿನ್ನಿನ ರೋಗ ಹೇಳುವ ಸ್ಕ್ಯಾನರ್ ಮೆಷಿನ್ ಇತ್ತು. ನಿಂಗರಾಜುವಿನಿಂದ ಹಿಂದೆ ಬೈಸಿಕೊಂಡವರೆಲ್ಲ ಟೀ ಅಂಗಡಿಯಲ್ಲಿ ಶಿವಮೂರ್ತಿಯ ಸುತ್ತ ಕೂತು ಕಾಯುತ್ತಿದ್ದರು.

"ಏನ್ಲಾ ನಿಂಗ, ಕಿವಿ ಗುಗ್ಗೆ ತೆಗ್ಸುದ್ಯಾ?"

"ಸುಮ್ನಿರ್ರೋ, ಪಾಪ. ಎಂಜಿನ್ ಮಾತಾಡ್ತಾ ಅದೆ, ಇವ್ನಿಗೆ ಕೇಳುಸ್ತಾ ಇಲ್ಲ ಅಷ್ಟೇಯ," ಎನ್ನುತ್ತಿದ್ದ ಶಿವಮೂರ್ತಿ.

ಒಂದು ದಿನ ನಾಗೇಂದ್ರ ಎಲ್ಲರೆದುರು ಕಾರಿನಿಂದಿಳಿದು ಹೇಳಿದ. "ಇದೇ ಕೊನೆ ಕಣಯ್ಯ. ಇನ್ನೊಂದ್ಸಲ ಕೆಮ್ಮಿದ್ರೆ ಶಿವಮೂರ್ತಿ ತಾವ ಬುಡ್ತೀನಿ. ನಿನ್ನ ಸ್ಕ್ರೂಡ್ರೈವರ್ನ ಬೆನ್ನು ಕೆರ್ಕಳಕ್ಕೆ ಇಟ್ಕೋ."

ಎಲ್ಲರೂ ನಕ್ಕರು. ನಿಂಗರಾಜು ಬೈಯದೆ ಬಾನೆಟ್ ಎತ್ತಿದ್ದನ್ನು ಊಟಿ ರಸ್ತೆ ಅಂದೇ ಮೊದಲು ಕಂಡದ್ದು.

ಮತ್ತೆ ಪ್ಲಗ್ ಬಿಚ್ಚಿದ. ಪ್ಲಗ್ ಕೂರುವ ಗುಳಿಯೊಳಗೆ ಬೆಳ್ಳಗೆ ಏನೋ ಒಣಗಿ ಅಂಟಿತ್ತು. ಕಾರು ತೊಳೆದ ನೀರಿನ ಕಲೆ ಎಂದು ಇಷ್ಟು ದಿನ ಒರೆಸಿ ಎಸೆದದ್ದನ್ನು ಈ ಸಲ ಉಗುರಲ್ಲಿ ಕೆರೆದು ನಾಲಗೆಗೆ ಇಟ್ಟ. ಸಿಹಿ. ಸಿಹಿಯ ಹಿಂದೆ ಉಪ್ಪು. ಮೂಲೆಯಲ್ಲಿ ಚಿಟಿಕೆ ಕುಂಕುಮ. ಅವನು ದೇವಸ್ಥಾನದ ಊರಿನವನು. ತೆಂಗಿನಕಾಯಿ ನೀರಿನ ರುಚಿ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಯಾರಿಗೂ ಹೇಳದೆ ಎಲ್ಲವನ್ನೂ ಒಣಗಿಸಿ ಕಾರು ಕಳಿಸಿದ. ಶುಕ್ರವಾರ ಬೆಳಿಗ್ಗೆ ಬೈಕು ಹತ್ತಿ ನರಸೀಪುರಕ್ಕೆ ಹೋಗಿ ಮಿಲ್ಲಿನ ಗೇಟಿನ ಹಿಂದೆ ನಿಂತ.

ನಾಗೇಂದ್ರ ಮಿಲ್ಲಿನ ಅಂಗಳದಲ್ಲೇ ಇದ್ದ ಮನೆಯಿಂದ ಹೊರಬಂದು ಬಾನೆಟ್ ಎತ್ತಿ, "ಅವ್ವಾ, ಪೂಜೆ ಮಾಡ್ಬುಡು," ಎಂದು ಕೂಗಿ ತಿಂಡಿಗೆ ಒಳಹೋದ. ಅವನ ತಾಯಿ ಚಲುವಮ್ಮ ಬಂದಳು. ಕೃಶ ಮುದುಕಿ. ಕುಂಕುಮವಿಟ್ಟಳು, ಊದುಬತ್ತಿ ಬೆಳಗಿದಳು, ಕಾಯಿ ಒಡೆದಳು. ಆಮೇಲೆ ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿ, ಕಾಯಿ ಹೋಳಿನ ನೀರನ್ನು ಪ್ಲಗ್ಗಿನ ಗುಳಿಗಳಿಗೆ ಬಗ್ಗಿಸಿದಳು, ಕೂಸಿಗೆ ಒಳಲೆಯಲ್ಲಿ ಹಾಲು ಹಾಕುವಷ್ಟು ಜೋಪಾನವಾಗಿ.

ನಿಂಗರಾಜು ಓಡಿಹೋಗಿ ಮುಂಗೈ ಹಿಡಿದ.

ಅವಳು ಬೆಚ್ಚಿದಳು, ಕೂಗಲಿಲ್ಲ. "ಕೈ ಬುಡಪ್ಪ," ಎಂದಳು. "ಮೊದ್ಲು ಭಕ್ತಿಗೇ ಉಯ್ದೆ ಕಣಪ್ಪ. ಆವತ್ತು ಗಾಡಿ ಓಡ್ನಿಲ್ಲ, ಮಗ ಮೆಲ್ಲಗೆ ಬಂದ. ಆಮ್ಯಾಕೆ ಬೇಕಂತ್ಲೇ ಉಯ್ತಾ ಇವ್ನಿ. ದೊಡ್ಡವ್ನ ಬೈಕ್ ಮ್ಯಾಲೆ ಕಳ್ಕಂಡೆ. ತಲಕಾಡು ರೋಡಲ್ಲಿ ಬಾಚ್ಕಂಡು ಬಂದ್ರು. ಇದು ಕೆಮ್ತಾ ಇದ್ರೆ ಚಿಕ್ಕವ್ನು ಉಳೀತಾನೆ. ನೀ ಅವ್ನಿಗೆ ಏಳ್ಬ್ಯಾಡ, ನಿನ್ನ ದಮ್ಮಯ್ಯ."

ಹೇಳದೆ ಇರಬಹುದಿತ್ತು. ಶಿವಮೂರ್ತಿ ಬಳಿ ಬಿಡಿ ಸಾ, ನನ್ನಿಂದಾಗದು ಎಂದರೆ ಮುಗಿಯುತ್ತಿತ್ತು. ನಿಂಗರಾಜುವಿಗೆ ಟೀ ಅಂಗಡಿಯ ನಗು ಕೇಳಿಸಿತು. ಮಿಲ್ಲಿನ ಹಮಾಲಿಗಳಿಗೂ ಕೇಳಲಿ ಎಂದು ಗಂಟಲು ಹರಿಯುವಂತೆ ಕೂಗಿದ.

"ಸಾ! ಬನ್ನಿ ಸಾ! ಕಳ್ಳ ನಿಮ್ಮನೇಲೇ ಅವ್ನೆ!"

ನಾಗೇಂದ್ರ ಎಂಜಲು ಕೈಯಲ್ಲೇ ಬಂದ. ನಿಂಗರಾಜು ನೀರು ತುಂಬಿ ಕಿಡಿ ಸತ್ತ ಗುಳಿ ತೋರಿಸಿದ, ಮುದುಕಿಯ ಕೈಯ ಹೋಳು ತೋರಿಸಿದ, ಅವಳಾಡಿದ ಮಾತನ್ನೂ ಒಪ್ಪಿಸಿದ. ನಾಗೇಂದ್ರ ಬೈಯುವನೆಂದು ಎಲ್ಲರೂ ಕಾದರು. ಅವನು ನಕ್ಕುಬಿಟ್ಟ.

"ಓಡುದ್ರೆ ಸತ್ತೋಯ್ತೀನಿ ಅಂತಾನಾ ಅವ್ವ? ಬಾ, ನಿನ್ನೇ ಕೂರ್ಸ್ಕಂಡು ಓಡುಸ್ತೀನಿ. ಲೇ ನಿಂಗ, ರೆಡಿ ಮಾಡ್ಲಾ."

ನಿಂಗರಾಜು ಮಿಲ್ಲಿನ ಗಾಳಿ ಪೈಪು ಎಳೆದು ತಂದು ಗುಳಿಗಳನ್ನು ಊದಿದ. ಕಾಯಿಲ್ ಒಂದೊಂದನ್ನೂ ಒರೆಸಿ ಬಿಸಿಲಿಗಿಟ್ಟ. ಇಂಥ ಶ್ರದ್ಧೆಯಿಂದ ಅವನು ತನ್ನ ಅಪ್ಪನ ತಿಥಿಯನ್ನೂ ಮಾಡಿರಲಿಲ್ಲ. ಅಷ್ಟು ಹೊತ್ತೂ ಚಲುವಮ್ಮ ಜಗಲಿಯ ಮೇಲೆ ಕೂತು, "ಬ್ಯಾಡ ಕಣ್ಮಗ, ಇನ್ಯಾವತ್ತೂ ಮುಟ್ಟಕಿಲ್ಲ," ಎನ್ನುತ್ತಲೇ ಇದ್ದಳು. ನಾಗೇಂದ್ರ ಅವಳನ್ನು ರಟ್ಟೆ ಹಿಡಿದು ಎಬ್ಬಿಸಿ, ತಗ್ಗಿನ ಸೀಟಿಗೆ ಮೂಟೆಯಂತೆ ಇಳಿಸಿ, ಬೆಲ್ಟು ಬಿಗಿದ.

"ಬಾಗ್ಲು ಆಕ್ಲಾ ನಿಂಗ."

ನಿಂಗರಾಜು ಬಾಗಿಲು ಹಾಕಿದ. ಸೆರಗು ಸಿಕ್ಕಿಕೊಂಡಿತ್ತು. ಮತ್ತೆ ತೆಗೆದು, ಸೆರಗನ್ನು ಒಳಕ್ಕೆ ನೂಕಿ, ಮುದುಕಿಯ ಮುಖ ನೋಡದೆ ಹಾಕಿದ.

ಕಾರು ತಲಕಾಡು ರಸ್ತೆ ಹಿಡಿದು ಹೋಯಿತು. ಹಮಾಲಿಗಳು ಗೇಟಿಗೆ ಬಂದು ನಿಂತರು. ಕಣ್ಣಿಗೆ ಮರೆಯಾದ ಮೇಲೂ ಸದ್ದು ಕೇಳುತ್ತಿತ್ತು. ಏರುತ್ತಾ, ಏರುತ್ತಾ, ರೇಷ್ಮೆ ಸೀಳಿದಂತೆ ಒಂದೇ ಎಳೆ.

ಬಹಳ ಹೊತ್ತಿಗೆ ಮರಳಿ ಬಂತು. ನಾಗೇಂದ್ರ ಜಿಗಿದಿಳಿದು, "ಒಂದ್ಕಡೇನೂ ತಡೀನಿಲ್ಲ ಕಣ್ಲಾ! ಕಿವಿ ಅಂದ್ರೆ ನಿಂದೇ ಕಿವಿ!" ಎಂದು ಬೆನ್ನಿಗೆ ಗುದ್ದಿದ. ಆಚೆ ಬಾಗಿಲಿನಿಂದ ಚಲುವಮ್ಮನನ್ನು ಹಮಾಲಿಗಳು ಎತ್ತಿ ಇಳಿಸಿದರು. ನೆಲದಲ್ಲೇ ಕೂತಳು. ಸೀರೆ ನೆನೆದಿತ್ತು, ಎದೆ ಮೇಲೆ ವಾಂತಿ. ಸೀಟಿನ ಮೇಲೂ ಇತ್ತು. ನಾಗೇಂದ್ರ ಬಗ್ಗಿ ನೋಡಿದ್ದು ಸೀಟನ್ನು.

"ಥತ್, ಲೆದರ್ ಎಲ್ಲ ಆಳಾಯ್ತಲ್ಲ. ಲೇ ನಿಂಗ, ತೊಳ್ದು ಓಗ್ಲಾ."

ಹಮಾಲಿಗಳ ಕಣ್ಣೆದುರಿಗೆ ಕಿವಿ ನಿಂಗರಾಜು ಬಕೆಟ್ ತಂದು, ಮಂಡಿಯೂರಿ, ಮುದುಕಿಯ ಉಚ್ಚೆ ವಾಂತಿ ಬಳಿದ. ಒಬ್ಬ ಮುಸಿಮುಸಿ ನಕ್ಕ. ನಿಂಗರಾಜು ತಲೆಯೆತ್ತಲಿಲ್ಲ. ಚಲುವಮ್ಮ ಕೂತಲ್ಲೇ ಕೂತು ಅವನ ಕೈಯನ್ನೇ ನೋಡುತ್ತಿದ್ದಳು. ಬಾಯಿ ಒರೆಸಿಕೊಂಡು, "ನಿನ್ನ ಎಸ್ರು ಉಳೀತಲ್ಲಪ್ಪ," ಎಂದಳು. ಅವನು ಬಟ್ಟೆ ಹಿಂಡಿದ.

ತೊಳೆದಾದ ಮೇಲೆ ಒಣಗಲೆಂದು ಕಾರನ್ನು ಬಿಸಿಲಿಗೆ ಸರಿಸಬೇಕಾಯಿತು. ಕೂತು ಸ್ಟಾರ್ಟ್ ಮಾಡಿದ. ಅಷ್ಟಕ್ಕೆ ಬಿಡಬಹುದಿತ್ತು. ಅಭ್ಯಾಸಬಲ, ತಲೆ ವಾಲಿಸಿ, ಕಣ್ಣು ಮುಚ್ಚಿ, ಕೇಳಿದ. ಒಂದು ಬಡಿತವೂ ತಪ್ಪುತ್ತಿರಲಿಲ್ಲ. ಅವನ ಮುಖ ತಾನಾಗಿ ಅರಳಿತು. ಚಲುವಮ್ಮ ಅದನ್ನೂ ನೋಡಿದಳು.