ಮೂರನೇ ಫ್ಯಾನು

ದೆವ್ವ, ಗಾಳಿ, ಕಾಣದ ಕೈ ಇತ್ಯಾದಿಗಳನ್ನು ನಾನು ಎಂದೂ ನಂಬಿದವಳಲ್ಲ. ಯಾರಾದರೂ ಅಂಥ ಕತೆ ಶುರುಮಾಡಿದರೆ ನಡುವೆಯೇ ಬಾಯಿಹಾಕಿ ಕೆಡಿಸುತ್ತಿದ್ದೆ. ನಾನು ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವವಳು. ಎಲ್ಲದಕ್ಕೂ ಎಲ್ಲೋ ಒಂದು ಕಾರಣ ಇದ್ದೇ ಇರುತ್ತದೆ, ಹುಡುಕುವ ತಾಳ್ಮೆ ಬೇಕು ಅಷ್ಟೆ ಎಂದು ಮಕ್ಕಳಿಗೆ ಹೇಳುತ್ತ ಬಂದವಳು. ಈಗಲೂ ಹಾಗೇ ಹೇಳುತ್ತೇನೆ. ಆದರೆ ಹಾಗೆ ಹೇಳುವಾಗ ಒಂದು ಕ್ಷಣ ತಡವರಿಸುತ್ತೇನೆ. ಯಾಕೆಂದು ಇಲ್ಲಿ ಬರೆಯುತ್ತಿದ್ದೇನೆ. ನೀವು ನಂಬಬೇಕೆಂಬ ಹಟ ನನಗಿಲ್ಲ.

ಇಂಥ ಕತೆಗಳೆಲ್ಲ ಸಾಮಾನ್ಯವಾಗಿ ರಾತ್ರಿ ನಡೆಯುತ್ತವೆ. ನನ್ನದು ನಡೆದದ್ದು ಮೂರು ವರ್ಷದ ಹಿಂದೆ, ಒಂದು ಶನಿವಾರ, ಹಗಲು ಎರಡೂವರೆ ಗಂಟೆಗೆ.

ನಮ್ಮ ಮನೆ ಊಟಿ ಕಡೆಯ ಬೆಟ್ಟದೂರು ಕೂಕಲ್ತೊರೈಯಲ್ಲಿ. ಒಂದೂವರೆ ಎಕರೆ ಟೀ ತೋಟ; ಅಪ್ಪ, ಅವ್ವೆ, ನಾನು. ನಾನು ದಿನಾ ಕೋತಗಿರಿಗೆ ಬಸ್ಸಿನಲ್ಲಿ ಹೋಗಿ ಪಾಠ ಮಾಡಿ ಬರುತ್ತೇನೆ. ಉಳಿದ ಹೊತ್ತಿನಲ್ಲಿ ಎಲೆಕ್ಟ್ರಾನಿಕ್ ಸಂಗೀತ ಮಾಡುತ್ತೇನೆ. ವೀಣೆ, ತಬಲ ಏನೂ ಇಲ್ಲದೆ, ಕಂಪ್ಯೂಟರಿನೊಳಗೇ ಶಬ್ದಗಳನ್ನು ಹುಟ್ಟಿಸಿ, ತಿದ್ದಿ, ಜೋಡಿಸುವ ಕೆಲಸ. ಊರಿನವರಿಗೆ ಇದು ಅರ್ಥವಾಗುವುದಿಲ್ಲ. ಅಪ್ಪನಿಗಂತೂ ಅರ್ಥವಾಗುವ ದಾರಿಯೇ ಇರಲಿಲ್ಲ. ಅವರಿಗೆ ಕಿವಿ ಕೇಳುವುದಿಲ್ಲ.

ಅಪ್ಪ, ಊರಿನವರ ಬಾಯಲ್ಲಿ ನಂಜಣ್ಣ, ಪಕ್ಕದ ಟೀ ಫ್ಯಾಕ್ಟರಿಯಲ್ಲಿ ಮೂವತ್ತೈದು ವರ್ಷ ದುಡಿದವರು. ಎಲೆ ಅರೆಯುವ ಯಂತ್ರಗಳ ಮಧ್ಯೆ ನಿಂತು ನಿಂತು ಕಿವಿ ಸ್ವಲ್ಪ ಸ್ವಲ್ಪವಾಗಿ ಹೋಯಿತು. ಫ್ಯಾಕ್ಟರಿ ಮುಚ್ಚುವ ಹೊತ್ತಿಗೆ ಪೂರ್ತಿ ಹೋಗಿತ್ತು. ನಾನು ಸಂಗೀತ ಶುರುಮಾಡಿದ್ದು ಅದಾದ ಮೇಲೆ. ತುಟಿ ನೋಡಿ ಅರ್ಧ ತಿಳಿಯುತ್ತಾರೆ, ಉಳಿದದ್ದನ್ನು ನಾವು ಫೋನಿನಲ್ಲಿ ಬರೆದು ತೋರಿಸುತ್ತೇವೆ. "ನಿನ್ನ ಕೆಲಸ ನಂಗೆ ಕಾಣೋದು ಬೆರಳು ಆಡೋದು ಮಾತ್ರ," ಎಂದು ಒಮ್ಮೆ ಅಂದಿದ್ದರು. (ಮನೆಯಲ್ಲಿ ನಾವು ಆಡುವುದು ಈ ಬೆಟ್ಟಗಳ ಬಡಗ ಭಾಷೆ. ಓದುವವರಿಗೆ ತೊಡಕಾಗದಿರಲೆಂದು ಆ ಮಾತನ್ನು ತುಸು ಸಡಿಲಿಸಿ ಬರೆದಿದ್ದೇನೆ.)

ಆ ವರ್ಷ ಊಟಿಯಲ್ಲಿ ನೃತ್ಯ ಕಲಿಸುವ ಗೆಳತಿ ಶಾಂತಿ ಒಂದು ಹೊಸ ನೃತ್ಯ ಕಟ್ಟುತ್ತಿದ್ದಳು. ಟೀ ಫ್ಯಾಕ್ಟರಿಯಲ್ಲಿ ದುಡಿದ ಹೆಂಗಸರ ಕುರಿತದ್ದು. ಸಂಗೀತವನ್ನು ಪೂರ್ತಿ ನನಗೇ ಬಿಟ್ಟಳು. ಅಷ್ಟು ದೊಡ್ಡ ಕೆಲಸ ನನಗೆ ಯಾರೂ ಕೊಟ್ಟಿರಲಿಲ್ಲ. ಶುರುವಿನ ಮೂರು ನಿಮಿಷದಲ್ಲಿ ಹಸಿ ಎಲೆ ಬಾಡಬೇಕು. ತಂತಿಜಾಲರಿಯ ಉದ್ದನೆಯ ತೊಟ್ಟಿಗಳಲ್ಲಿ ಎಲೆ ಹರಡಿ, ಕೆಳಗಿನಿಂದ ದೊಡ್ಡ ಫ್ಯಾನುಗಳ ಗಾಳಿ ಬಿಟ್ಟು, ಅದರ ನೀರು ತೆಗೆಯುತ್ತಾರಲ್ಲ, ಆ ಘಟ್ಟ. "ನಂಗೆ ಫ್ಯಾನಿನ ಸದ್ದು ಬೇಡ, ಎಲೆ ಬಾಡೋ ಸದ್ದು ಬೇಕು," ಎಂದಳು ಶಾಂತಿ.

ಉಳಿದ ಇಪ್ಪತ್ತು ನಿಮಿಷದ ಸಂಗೀತ ಒಂದು ತಿಂಗಳಲ್ಲಿ ಮುಗಿಯಿತು. ಈ ಮೂರು ನಿಮಿಷ ಮಾತ್ರ ನನ್ನನ್ನು ಹಣ್ಣುಮಾಡಿತು. ಮೂರು ತಿಂಗಳು ಪ್ರತಿದಿನ ಶಾಲೆಯಿಂದ ಬಂದು ಕೂರುತ್ತಿದ್ದೆ. ಒಂದು ಪ್ರಯತ್ನ ಮಿಕ್ಸಿಯಂತೆ ಕೇಳುತ್ತಿತ್ತು, ಇನ್ನೊಂದು ಸಿನಿಮಾದ ಭೂತದಂತೆ. ಪದರದ ಮೇಲೆ ಪದರ ಹಾಕಿದೆ. ಹಾಕಿದಷ್ಟೂ ಶಬ್ದ ದೊಡ್ಡದಾಯಿತೇ ಹೊರತು ಜೀವ ಬರಲಿಲ್ಲ. ದುಡ್ಡು ಕೊಟ್ಟು ತಂದ ಸಿದ್ಧ ಶಬ್ದಗಳನ್ನೂ ಬಳಸಿ ನೋಡಿದೆ; ಅವು ಎಲ್ಲರ ಹಾಡಿನಲ್ಲೂ ಇರುವಂಥವು, ನಮ್ಮ ಬೆಟ್ಟದ್ದಾಗಿ ಕೇಳಲಿಲ್ಲ. ಕೊನೆಕೊನೆಗೆ ಯಾವುದು ಚೆನ್ನಾಗಿದೆ, ಯಾವುದು ಕೆಟ್ಟದು ಎಂದು ಹೇಳುವ ಶಕ್ತಿಯೇ ಕಿವಿಗೆ ಉಳಿಯಲಿಲ್ಲ. ಹೆಡ್‌ಫೋನ್ ಕಿತ್ತೆಸೆದು ಅತ್ತದ್ದೂ ಉಂಟು. ಆ ಶನಿವಾರ ಬೆಳಿಗ್ಗೆ "ನನ್ನಿಂದ ಆಗುವುದಿಲ್ಲ, ಬೇರೆಯವರನ್ನು ನೋಡಿಕೋ" ಎಂದು ಶಾಂತಿಗೆ ಬರೆದು, ಕಳಿಸುವ ಮುನ್ನ ಕಾಫಿ ಕುಡಿಯೋಣವೆಂದು ಎದ್ದೆ.

ಫೋನು ಮೇಜಿನ ಮೇಲೇ ಇತ್ತು. ಅಪ್ಪ ಓದಿಬಿಟ್ಟಿದ್ದರು.

"ಏನ ಬೇಕು ನಿಂಗೆ?" ಎಂದರು.

ಎಲೆ ಬಾಡುವ ಸದ್ದು ಎಂದು ಬರೆದು ತೋರಿಸಿದೆ. ಅಪ್ಪ ನಕ್ಕರು. "ಅದನ್ನ ಈ ಪೆಟ್ಟಿಗೇಲಿ ಹುಡುಕಿದ್ರೆ ಸಿಕ್ಕೀತಾ? ಬಾ, ಫ್ಯಾಕ್ಟರಿ ಬೀಗದಕೈ ಜೋಗಿ ಹತ್ರ ಐತೆ."

ಫ್ಯಾಕ್ಟರಿ ಮುಚ್ಚಿ ಆಗ ಆರು ವರ್ಷ. ಅಲ್ಲಿ ಯಾವ ಸದ್ದೂ ಸಿಗುವುದಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ಅಪ್ಪ ನನ್ನ ಕೆಲಸಕ್ಕೆ ತಾವಾಗಿ ಕೈಜೋಡಿಸಲು ಬಂದದ್ದು ಅದೇ ಮೊದಲು. ಚಿಕ್ಕ ರೆಕಾರ್ಡರ್ ಚೀಲಕ್ಕೆ ಹಾಕಿಕೊಂಡು ಹೊರಟೆ.

ಊಟ ಮುಗಿಸಿ ಹೋದಾಗ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಫ್ಯಾಕ್ಟರಿಯ ಗೇಟು ಕೈಗೆ ತಾಗಿದ ಮೇಲೆಯೇ ಕಂಡದ್ದು. ಕಾವಲುಗಾರ ಜೋಗಿಯಣ್ಣ ಬೀಗ ತೆಗೆದು, ಮೆಟ್ಟಿಲ ಬಾಗಿಲಲ್ಲೇ ಬೀಡಿ ಹಚ್ಚಿ ನಿಂತ. ನಾವಿಬ್ಬರೂ ಎಲೆ ಬಾಡಿಸುವ ಅಟ್ಟಕ್ಕೆ ಹತ್ತಿದೆವು. ನಾನು ಹುಟ್ಟಿದಾಗಿನಿಂದ ಆ ಕಟ್ಟಡ ನೋಡಿದ್ದೆ, ಆದರೆ ಆ ಅಟ್ಟಕ್ಕೆ ಕಾಲಿಟ್ಟದ್ದು ಅದೇ ಮೊದಲು. ಮಕ್ಕಳನ್ನು ಒಳಗೆ ಬಿಡುತ್ತಿರಲಿಲ್ಲ.

ಎಂಟು ಉದ್ದನೆಯ ತೊಟ್ಟಿಗಳು. ಜಾಲರಿ ತುಕ್ಕು ಹಿಡಿದಿತ್ತು. ಪ್ರತಿ ತೊಟ್ಟಿಯ ತುದಿಯಲ್ಲಿ ಫ್ಯಾನು ಇದ್ದ ಜಾಗಕ್ಕೆ ತಗಡು ಬಡಿದಿದ್ದರು. ಫ್ಯಾನು, ಮೋಟರು ಎಲ್ಲವನ್ನೂ ಗುಜರಿಗೆ ಹಾಕಿಯಾಗಿತ್ತು. ಕರೆಂಟಿನ ತಂತಿ ಕೂಡ ಉಳಿದಿರಲಿಲ್ಲ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಆಮೇಲೆ ನಾನೇ ಇನ್ನೆರಡು ಸಲ ಹೋಗಿ ಒಂದೊಂದನ್ನೂ ಮುಟ್ಟಿ ಪರೀಕ್ಷಿಸಿದ್ದೇನೆ.

ರೆಕಾರ್ಡರ್ ಒಂದು ಕಂಬದ ಬುಡದಲ್ಲಿಟ್ಟು ಚಾಲೂ ಮಾಡಿದೆ. ಅಪ್ಪ ಅವರ ಪಾಡಿಗೆ ತೊಟ್ಟಿಯ ಅಂಚು ಸವರುತ್ತ ನಡೆಯುತ್ತಿದ್ದರು. ನಾಲ್ಕೈದು ನಿಮಿಷ ಕಳೆದಿರಬೇಕು.

ಮೊದಲು ಅದು ಎದೆಗೆ ತಾಗಿತು, ಕಿವಿಗಲ್ಲ. ತಗ್ಗಿನ ಒಂದು ಗುಂಯ್. ರಸ್ತೆಯಲ್ಲಿ ಲಾರಿ ಇರಬಹುದೆಂದುಕೊಂಡೆ. ಲಾರಿಯಾದರೆ ದಾಟಿ ಹೋಗಬೇಕಿತ್ತು, ಇದು ಅಲ್ಲೇ ನಿಂತಿತು. ನಿಧಾನವಾಗಿ ಬಲವಾಯಿತು. ಅದರೊಳಗೆ ಎರಡು ಎಳೆಗಳಿದ್ದವು, ಹೆಚ್ಚುಕಡಿಮೆ ಒಂದೇ ಸ್ವರದವು, ಒಂದನ್ನೊಂದು ಉಜ್ಜುತ್ತಿದ್ದವು. ನಾಲ್ಕು ಸುತ್ತಿಗೊಮ್ಮೆ ಕುಂಟಿದಂತೆ ತಡೆಯುತ್ತಿತ್ತು. ಅದರ ಮೇಲೆ, ಯಾರೋ ಸಾವಿರ ಕಾಗದಗಳನ್ನು ಮೆಲ್ಲಗೆ ಮುದುರುತ್ತಿರುವಂತೆ, ಒಣ ಸರಪರ. ಮೂರು ತಿಂಗಳು ನಾನು ಹುಡುಕಿದ್ದು ಅದೇ ಶಬ್ದ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಹೆದರಿಕೆಯಾಗಲಿಲ್ಲ, ನಿಂತುಹೋದೀತು ಎಂಬ ಆತಂಕವೊಂದೇ ಇತ್ತು. ಅಟ್ಟದ ಉದ್ದಕ್ಕೂ ನಡೆದು ನೋಡಿದೆ. ಮೂರನೇ ತಗಡಿನ ಹತ್ತಿರ ಹೆಚ್ಚು, ಉಳಿದೆಡೆ ಕಡಿಮೆ.

ಆಗ ಅಪ್ಪ, ನನಗೆ ಬೆನ್ನು ಮಾಡಿ ನಿಂತಿದ್ದವರು, ತಿರುಗದೆಯೇ ಹೇಳಿದರು: "ಮೂರನೇ ಫ್ಯಾನು. ಬೇರಿಂಗ್ ಸವೆದೈತೆ. ಗ್ರೀಸ್ ಹಾಕಿಲ್ಲೆ."

"ಅಪ್ಪಾ! ಕೇಳ್ತಾ ಐತಾ ನಿಂಗೆ?" ಎಂದು ಕೂಗಿದೆ.

"ಕೇಳ್ತೈತೆ. ಯಾಕೆ ಹಂಗೆ ಕೂಗ್ತೆ?" ಎಂದರು.

ಅವರು ನನ್ನ ತುಟಿ ನೋಡಿರಲಿಲ್ಲ. ಇದೊಂದನ್ನು ನಾನು ಆಣೆಯಿಟ್ಟು ಹೇಳಬಲ್ಲೆ.

ಶಬ್ದ ಇನ್ನೊಂದಿಷ್ಟು ಹೊತ್ತು ಇತ್ತು. ಆಮೇಲೆ ಸ್ವಿಚ್ ಆರಿಸಿದ ಫ್ಯಾನು ನಿಲ್ಲುವಂತೆ ಇಳಿದು ಇಳಿದು ನಿಂತಿತು. ನಾನು ಏನೋ ಕೇಳಿದೆ. ಅಪ್ಪ ತಿರುಗಿ ನೋಡಲಿಲ್ಲ. ಎದುರಿಗೆ ಹೋಗಿ ಕೇಳಿದಾಗ ಕಿವಿ ಮುಟ್ಟಿಕೊಂಡು ತಲೆಯಾಡಿಸಿದರು. ಮತ್ತೆ ಮೊದಲಿನಂತೆಯೇ. ಕಣ್ಣು ಮಾತ್ರ ಒದ್ದೆಯಾಗಿತ್ತು.

ಕೆಳಗಿಳಿದು ಜೋಗಿಯಣ್ಣನನ್ನು ಕೇಳಿದೆ. "ಏನ ಸದ್ದಮ್ಮ? ಮಂಜು ತೊಟ್ಟಿಕ್ಕೋದು ಬಿಟ್ರೆ ಏನೂ ಇಲ್ಲೆ. ನೀ ಕೂಗಿದ್ದು ಕೇಳ್ತು," ಎಂದ.

ದಾರಿಯಲ್ಲಿ ಅಪ್ಪ ತಾವಾಗಿಯೇ ಹೇಳಿದರು. "ಸವೆದ ಆ ಫ್ಯಾನನ್ನ ಕಿತ್ತು ಇಳಿಸಿದ್ದು ನಾನೇ. ಕೆಲಸಕ್ಕೆ ಸೇರಿದ ಎರಡನೇ ವರ್ಷ. ಹೊಸಾದು ಹಾಕಿದ್ರು. ಆಗ ನಂಗೆ ಮದುವೆ ಕೂಡ ಆಗಿರಲಿಲ್ಲೆ."

ಮನೆಗೆ ಬಂದವಳೇ ರೆಕಾರ್ಡಿಂಗ್ ಹಾಕಿದೆ. ಮಂಜು ಹನಿಯುವುದು, ನನ್ನ ಬೂಟಿನ ಸದ್ದು, ಅಪ್ಪನ "ಮೂರನೇ ಫ್ಯಾನು", ನನ್ನ ಕೂಗು, ಅಪ್ಪನ ಉತ್ತರ. ಎಲ್ಲ ಸ್ಪಷ್ಟವಾಗಿತ್ತು. ಗುಂಯ್ ಎಂಬುದು ಮಾತ್ರ ಇರಲಿಲ್ಲ. ಅತಿ ತಗ್ಗಿನ ಶಬ್ದವನ್ನೂ ಚಿತ್ರವಾಗಿ ತೋರಿಸುವ ಸಾಫ್ಟ್‌ವೇರಿನಲ್ಲಿ ನೋಡಿದೆ. ಅಲ್ಲೂ ಖಾಲಿ.

ಆವತ್ತು ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆದರೆ ಈ ಸಿಟ್ಟು ಹಿಂದಿನದಲ್ಲ. ಹಿಂದೆ ಏನು ಬೇಕೆಂದೇ ಗೊತ್ತಿಲ್ಲದೆ ಒದ್ದಾಡಿದ್ದೆ. ಈಗ ಏನು ಬೇಕೆಂದು ಗೊತ್ತಿತ್ತು, ಕೈಯಲ್ಲಿ ಇರಲಿಲ್ಲ ಅಷ್ಟೆ. ಸಿಗದಿದ್ದರೆ ಹೋಗಲಿ, ನಾನೇ ಮಾಡುತ್ತೇನೆ ಎಂದುಕೊಂಡೆ. ಶಾಂತಿಗೆ ಬರೆದದ್ದನ್ನು ಅಳಿಸಿದೆ.

ಮುಂದಿನ ಒಂಬತ್ತು ದಿನ ನನ್ನ ಬದುಕಿನ ಒಳ್ಳೆಯ ದಿನಗಳಲ್ಲಿ ಸೇರುತ್ತವೆ. ಹಳೆಯದನ್ನೆಲ್ಲ ಬದಿಗಿಟ್ಟು ಎರಡೇ ಎರಡು ಸಾದಾ ಅಲೆಗಳಿಂದ ಶುರುಮಾಡಿದೆ. ಒಂದನ್ನು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಮೇಲಕ್ಕೆ ಏರಿಸಿದಾಗ ಅವು ಉಜ್ಜತೊಡಗಿದವು. ಅಪ್ಪನನ್ನು ಕರೆದು, ಅವರ ಅಂಗೈಯನ್ನು ಸ್ಪೀಕರಿನ ಮೇಲೆ ಇಡಿಸಿದೆ. ಅವರು ಕಣ್ಣು ಮುಚ್ಚಿದರು.

"ಬಲ ಜಾಸ್ತಿ. ಇದು ಹೊಸ ಫ್ಯಾನು."

ತಗ್ಗಿಸಿದೆ.

"ಕುಂಟೋದು ತಡವಾಗಿ ಬರ್ಬೇಕು. ಇಷ್ಟು ಬೇಗ ಕುಂಟಿದ್ರೆ ಮೋಟರ್ ಸುಟ್ಟೇ ಹೋಗ್ತಿತ್ತು."

ಪ್ರತಿದಿನ ಸಂಜೆ ಹೀಗೆ. ಶಾಲೆಯಿಂದ ಬರುವಷ್ಟರಲ್ಲಿ ಅಪ್ಪ ಕೈ ತೊಳೆದು ಸ್ಪೀಕರಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ಸರಪರ ಸದ್ದಿಗಾಗಿ ನಮ್ಮ ತೋಟದ ಎಲೆಯನ್ನೇ ಕೊಯ್ದು, ಅವ್ವೆಯ ಸೀರೆಯ ಮೇಲೆ ಹರಡಿ ಬಾಡಿಸಿ, ಮೈಕ್ ಹಿಡಿದು ಬೆರಳಾಡಿಸಿದೆ. ಅವ್ವೆ ಬೈದರು, ಆಮೇಲೆ ಅವರೂ ಕೈಹಾಕಿದರು. ಆ ದಿನಗಳಲ್ಲಿ ನಾನು ಕಲಿತ ಪಾಠ ಇದು: ಮೂರು ತಿಂಗಳು ಶಬ್ದವನ್ನು ಚೆಂದ ಮಾಡಲು ಹೋಗಿ ಕೊಂದಿದ್ದೆ. ಅದಕ್ಕೆ ಬೇಕಾಗಿದ್ದದ್ದು ಒಂದು ಊನ. ಸವೆದ ಬೇರಿಂಗಿನ ಆ ತಡೆ ಸೇರಿದ ಮೇಲೆಯೇ ಗಾಳಿ ಆಯಾಸಪಡುತ್ತಿದೆ, ಎಲೆ ನೀರು ಬಿಡುತ್ತಿದೆ ಅನ್ನಿಸಿದ್ದು.

ಒಂಬತ್ತನೆಯ ಸಂಜೆ ಅಪ್ಪ ಅಂಗೈ ಇಟ್ಟವರು ತೆಗೆಯಲೇ ಇಲ್ಲ. ಮೂರು ನಿಮಿಷವೂ ಮುಗಿಯಿತು. ಮತ್ತೆ ಹಾಕು ಎಂದು ಸನ್ನೆ ಮಾಡಿದರು. ಮತ್ತೆ ಹಾಕಿದೆ.

"ಇದೇ," ಎಂದರು. ಆಮೇಲೆ ಅಂಗೈ ತೆಗೆದು, "ಇನ್ನ ಮುಟ್ಟಬೇಡ. ಗ್ರೀಸ್ ಹಾಕಿಬಿಟ್ಟೀಯ."

ಊಟಿಯ ಸಭಾಂಗಣದಲ್ಲಿ ನೃತ್ಯ ನಡೆದ ದಿನ ಅಪ್ಪನನ್ನು ಮುಂದಿನ ಸಾಲಿನಲ್ಲಿ ಕೂರಿಸಿದೆ. ದೀಪ ಆರಿ ಆ ಶಬ್ದ ಎದ್ದಾಗ ಅವರು ಬಾಗಿ, ಮರದ ನೆಲಕ್ಕೆ ಅಂಗೈ ಒತ್ತಿದರು. ಮೂರು ನಿಮಿಷ ಯಾರೂ ಕೆಮ್ಮಲಿಲ್ಲ. ನಾನು ಸಂಗೀತ ನೋಡಿಕೊಳ್ಳುವ ಮೂಲೆಯಲ್ಲಿ ನಿಂತಿದ್ದೆ. ಹೆಮ್ಮೆಯಾಗಿತ್ತು. ಅದನ್ನು ಮುಚ್ಚಿಡುವುದಿಲ್ಲ.

ಮುಗಿದ ಮೇಲೆ ಎಪ್ಪತ್ತು ದಾಟಿದ ಒಬ್ಬ ಹೆಂಗಸು ಮೊಮ್ಮಗಳ ಕೈಹಿಡಿದು ನನ್ನ ಹತ್ತಿರ ಬಂದರು. ಈಗ ನಂಜನಾಡಿನಲ್ಲಿ ಮಗಳ ಮನೆಯಲ್ಲಿದ್ದಾರಂತೆ. ಹರೆಯದಲ್ಲಿ ನಮ್ಮ ಫ್ಯಾಕ್ಟರಿಯಲ್ಲಿ ಎಲೆ ಹರಡಲು ಬರುತ್ತಿದ್ದರಂತೆ. "ಅದು ನಂಗಳ ಮೂರನೇ ತೊಟ್ಟಿ ಫ್ಯಾನಲ್ಲವಾ? ಅದನ್ನ ಆ ಕಾಲದಲ್ಲಿ ಯಾರಮ್ಮ ರೆಕಾರ್ಡ್ ಮಾಡಿಟ್ಟಿದ್ದು?"

"ರೆಕಾರ್ಡ್ ಅಲ್ಲ, ಹೆತ್ತೆ. ನಾನು ಮಾಡಿದ್ದು," ಎಂದೆ. (ಹೆತ್ತೆ ಅಂದರೆ ನಮ್ಮ ಮಾತಿನಲ್ಲಿ ಅಜ್ಜಿ.) ಅವರು ನಂಬಲಿಲ್ಲ. ನನಗೆ ಸಿಕ್ಕ ಹೊಗಳಿಕೆಗಳಲ್ಲಿ ಅದಕ್ಕಿಂತ ದೊಡ್ಡದು ಇಂದಿಗೂ ಇಲ್ಲ.

ಕಾರಣ ಹುಡುಕಿಲ್ಲವೆಂದು ತಿಳಿಯಬೇಡಿ. ಅಪ್ಪನದು ನೆನಪಿರಬಹುದು, ಆ ಜಾಗಕ್ಕೆ ಹೋದಾಗ ಮೈಯೊಳಗಿಂದ ಎದ್ದಿರಬಹುದು. ಆದರೆ ನನ್ನ ಕೂಗು ಅವರಿಗೆ ಹೇಗೆ ಕೇಳಿತು? ಕೂನೂರಿನಲ್ಲಿ ಕಿವಿ ಡಾಕ್ಟರು ಪರೀಕ್ಷೆ ಮಾಡಿ, ಏನೂ ಉಳಿದಿಲ್ಲ, ಮೊದಲಿನಂತೆಯೇ ಎಂದರು. ಇನ್ನು ನಾನು? ಹುಟ್ಟುವ ಮೊದಲೇ ಗುಜರಿಗೆ ಹೋದ ಫ್ಯಾನು ನನಗೆ ಹೇಗೆ ಗೊತ್ತು? ಚಿಕ್ಕವಳಿದ್ದಾಗ ಅಪ್ಪ ನನ್ನನ್ನು ಮಲಗಿಸುತ್ತ ಆ ಸದ್ದನ್ನು ಗುನುಗಿದ್ದರೇ ಎಂದು ಅವ್ವೆಯನ್ನು ಕೇಳಿದೆ. "ಅವರಾ? ಒಂದು ದಿನ ಆದ್ರೂ ಬಾಯಿಬಿಟ್ಟು ಹಾಡಿಲ್ಲೆ," ಎಂದು ಅವ್ವೆ ನಕ್ಕುಬಿಟ್ಟರು. ಮಂಜಿನಲ್ಲಿ ಎಲ್ಲಿಯದೋ ಜನರೇಟರಿನ ಸದ್ದು ತೇಲಿ ಬಂದಿರಬಹುದು ಎಂದವರಿದ್ದಾರೆ. ಬಂದಿದ್ದರೆ ರೆಕಾರ್ಡರಿಗೆ ಯಾಕೆ ಕೇಳಲಿಲ್ಲ?

ಅದಾದ ಮೇಲೆ ಇನ್ನೂ ಕೆಲವು ನೃತ್ಯಗಳಿಗೆ, ಒಂದು ನಾಟಕಕ್ಕೆ ಶಬ್ದ ಮಾಡಿದ್ದೇನೆ. ಈಗ ಶಬ್ದ ಒಲಿಯದೆ ಕೂತಾಗ ಅಳುವುದಿಲ್ಲ. ಅಪ್ಪನ ಕುರ್ಚಿ ಎಳೆದು ಸ್ಪೀಕರಿನ ಪಕ್ಕ ಹಾಕುತ್ತೇನೆ.

ಕಳೆದ ತಿಂಗಳು, ಈ ಬರಹ ಶುರುಮಾಡುವ ಮುನ್ನ, ತೋಟಕ್ಕೆ ಹೊರಟಿದ್ದ ಅಪ್ಪನನ್ನು ತಡೆದು ಫೋನಿನಲ್ಲಿ ಬರೆದು ಕೇಳಿದೆ: ಆ ದಿನ ನಿಜವಾಗಿ ಕೇಳಿತ್ತಾ?

ಅಪ್ಪ ಓದಿ, ನನ್ನ ಮುಖ ನೋಡಿದರು. "ನಿಂಗೆ ಕೇಳ್ತಾ?"

ಹೌದು ಎಂದು ತಲೆಯಾಡಿಸಿದೆ.

"ಹಂಗಾದ್ರೆ ಇಬ್ಬರಿಗೂ ಕೇಳೈತೆ," ಎಂದು ಬುಟ್ಟಿ ಹೆಗಲಿಗೇರಿಸಿಕೊಂಡು ಇಳಿಜಾರಿನಲ್ಲಿ ಇಳಿದು ಹೋದರು. ಇದಕ್ಕಿಂತ ಹೆಚ್ಚಿನದು ನನಗೂ ಗೊತ್ತಿಲ್ಲ.