ಚೀನಾ ಕೈ ಎತ್ತಿದ ಬೆಳಿಗ್ಗೆ

ನನ್ನ ಗಂಡ ಚೀನಾದ ವಿದೇಶಾಂಗ ನೀತಿಯಲ್ಲಿ ಪಂಡಿತರಾದದ್ದು ಫ್ಲಾಸ್ಕ್ ಮಾರಿ. ಕುವೈತಿನ ಹವಲ್ಲಿಯಲ್ಲಿ ಒಂದು ಅಂಗಡಿಗೆ ಅವರು ಮ್ಯಾನೇಜರ್. ಚೀನಾದ ಫ್ಲಾಸ್ಕು, ಟಾರ್ಚು, ಪಿಂಗಾಣಿ ತಟ್ಟೆಗಳ ವ್ಯಾಪಾರ. ತೊಂಬತ್ತರ ಆಗಸ್ಟಿನಲ್ಲಿ ಇರಾಕಿ ಸೈನ್ಯ ಕುವೈತಿಗೆ ನುಗ್ಗಿದಾಗ ಅಂಗಡಿಯ ಕುವೈತಿ ಮಾಲೀಕ, ಅಂದರೆ ನಮ್ಮ ವೀಸಾಕ್ಕೆ ಜಾಮೀನಾಗಿದ್ದ ಕಫೀಲ್, ಬೀಗದ ಕೈಯನ್ನು ಇವರಿಗೆ ಕೊಟ್ಟು ಸೌದಿಗೆ ಹೋದ. ಅಂದಿನಿಂದ ಅದು ಇವರ ಜೇಬಿನಲ್ಲಿ, ನಾವು ಹವಲ್ಲಿಯ ಎರಡು ಕೋಣೆಯ ಮನೆಯಲ್ಲಿ.

ಗುರುತಿನ ಕನ್ನಡದವರೆಲ್ಲ ಒಬ್ಬೊಬ್ಬರಾಗಿ ಬಸ್ಸು ಹತ್ತಿ ಬಾಗ್ದಾದಿಗೆ, ಅಲ್ಲಿಂದ ಅಮ್ಮಾನಿಗೆ, ಕೊನೆಗೆ ವಿಮಾನದಲ್ಲಿ ಬೊಂಬಾಯಿಗೆ ಹೋದರು. ನಾವೂ ಹೋಗೋಣ ಎಂದು ನಾನು ಹೇಳಿದಾಗಲೆಲ್ಲ ಇವರು ಆಗಲಿ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಮಗಳಿಗೆ ಆಗ ನಾಲ್ಕು ವರ್ಷ. ಕಿಟಕಿಯಲ್ಲಿ ನಿಂತು ಬಂದೂಕು ಹಿಡಿದ ಸೈನಿಕರಿಗೆ ಟಾಟಾ ಮಾಡುತ್ತಿದ್ದಳು. ನಾನು ಓಡಿಬಂದು ಅವಳನ್ನು ಒಳಗೆ ಎಳೆದುಕೊಳ್ಳುತ್ತಿದ್ದೆ.

ನವೆಂಬರಿನಲ್ಲಿ ಅಮೆರಿಕ ಯುದ್ಧಕ್ಕೆ ವಿಶ್ವಸಂಸ್ಥೆಯ ಒಪ್ಪಿಗೆ ಕೇಳುತ್ತಿದೆ ಎಂಬ ಸುದ್ದಿ ಬಂತು. ನನಗೆ ಊಟ ಸೇರಲಿಲ್ಲ. ಇವರು ಎರಡನೇ ಸಲ ಅನ್ನ ಹಾಕಿಸಿಕೊಂಡರು.

"ಯುದ್ಧ ಆಗುದಿಲ್ಲ ಮಾರಾಯ್ತಿ. ಚೀನಾ ಉಂಟಲ್ಲ!" ಎಂದರು. ಇವರು ಕಾರ್ಕಳದ ಕಡೆಯವರು. "ಇರಾಕ್ ಮಾಡಿದ್ದು ತಪ್ಪು ಅಂತ ಚೀನಾ ಹೇಳಿದೆ, ವ್ಯಾಪಾರ ನಿಲ್ಲಿಸ್ಲಿಕ್ಕೂ ಒಪ್ಪಿದೆ. ಆದ್ರೆ ಇನ್ನೊಬ್ಬರ ಮನೆಗೆ ಸೈನ್ಯ ಕಳಿಸ್ಲಿಕ್ಕೆ ಬಿಡುದಿಲ್ಲ. ಅವರ ಪಾಲಿಸಿಯೇ ಅದು. ಅವರಿಗೆ ವೀಟೋ ಉಂಟು. ಅವರೊಬ್ಬರು ಬೇಡ ಅಂತ ಕೈ ಎತ್ತಿದ್ರೆ ಸಾಕು, ಖಲಾಸ್."

"ಅರವತ್ತೆರಡರಲ್ಲಿ ನಮ್ಮ ಮನೆಗೇ ಸೈನ್ಯ ಕಳಿಸಿದ್ರಲ್ಲ?"

"ಅದು ಬೇರೆ."

ಪಂಡಿತರಿಗೆ ಅಡ್ಡ ಬರುವುದೆಲ್ಲ ಬೇರೆಯೇ ಆಗಿರುತ್ತದೆ.

ನಮ್ಮ ರೇಡಿಯೋವನ್ನು ಸೈನಿಕರು ಒಯ್ದಿದ್ದರು. ಸುದ್ದಿ ಬರುತ್ತಿದ್ದದ್ದು ಖೈತಾನ್ ಬಡಾವಣೆಯಲ್ಲಿದ್ದ ಮೈಸೂರಿನ ಎಂಜಿನಿಯರೊಬ್ಬರಿಂದ. ಹೆಂಡತಿ ಮಕ್ಕಳನ್ನು ಆಗಲೇ ಊರಿಗೆ ಕಳಿಸಿದ್ದ ಅವರು, ಯುದ್ಧಕ್ಕೆ ಒಪ್ಪಿಗೆ ಸಿಕ್ಕಿತೆಂದರೆ ಅಂದೇ ಕಾರಿನಲ್ಲಿ ಬಾಗ್ದಾದಿಗೆ ಹೊರಡುವುದೆಂದು ನಿಶ್ಚಯಿಸಿದ್ದರು. ನಮಗೂ ಜಾಗವಿದೆ ಎಂದಿದ್ದರು. ನಾನು ಚೀಲ ಕಟ್ಟಿಟ್ಟಿದ್ದೆ.

ಮತದಾನದ ಮರುದಿನ ಬೆಳಿಗ್ಗೆ ಚಹಾ ಕುಡಿಯುವಾಗ ಅವರ ಫೋನ್ ಬಂತು. ಕದ್ದು ಕೇಳುವವರಿದ್ದಾರೆಂಬ ಹೆದರಿಕೆಗೆ ಆಗ ಯಾರೂ ಫೋನಿನಲ್ಲಿ ಹೆಚ್ಚು ಮಾತಾಡುತ್ತಿರಲಿಲ್ಲ. ಇವರು ಕೇಳಿಸಿಕೊಂಡು, ರಿಸೀವರ್ ಇಟ್ಟು, ಮಗಳನ್ನು ಎತ್ತಿ ಒಂದು ಸುತ್ತು ತಿರುಗಿಸಿದರು.

"ಚೀನಾ ಕೈ ಎತ್ತಿತಂತೆ!"

ನಾನು ಕೇಳಿದೆ, "ಅವರು ಅಂದದ್ದು ಹೇಗೆ? ಎತ್ತಿತು ಅಂದ್ರಾ, ಎತ್ಬಿಡ್ತು ಅಂದ್ರಾ?"

"ಚೀನಾ ಕೈ ಎತ್ಬಿಡ್ತು ಕಣ್ರೀ, ಅಂದ್ರು. ಎರಡಕ್ಕೂ ಎಂತ ವ್ಯತ್ಯಾಸ?"

ನಾನು ಹಾಸನದವಳು. ನಮ್ಮ ಕಡೆ ಮದುವೆಯ ಹಿಂದಿನ ದಿನ ಅಡುಗೆಯವನು ಕೈ ಎತ್ತಿಬಿಟ್ಟ ಎಂದರೆ ಯಾರೂ ಎಲೆ ಹಾಕಿಕೊಂಡು ಕೂರುವುದಿಲ್ಲ. ಇನ್ನು ನನ್ನಿಂದಾಗದು, ನಿಮ್ಮ ಪಾಡು ನೀವು ನೋಡಿಕೊಳ್ಳಿ ಎಂದು ಅದರ ಅರ್ಥ. ಇದನ್ನು ಹೇಳಿದರೆ ಇವರು ನಕ್ಕರು. ವಿಶ್ವಸಂಸ್ಥೆ ನಡೆಯುವುದು ಹಾಸನದ ಕನ್ನಡದಲ್ಲಲ್ಲ ಎಂದರು. ಆಮೇಲೆ ನಾನು ಕಟ್ಟಿದ್ದ ಚೀಲದಿಂದ ತಮ್ಮ ಲುಂಗಿ ತೆಗೆದುಕೊಂಡರು. ನಾನು ಎಂಜಿನಿಯರಿಗೆ ತಿರುಗಿ ಫೋನ್ ಮಾಡಿದೆ. ರಿಂಗಾಯಿತು, ಯಾರೂ ಎತ್ತಲಿಲ್ಲ.

"ಯುದ್ಧದ ಚಿಂತೆ ಹೋಯ್ತಲ್ಲ, ನಿದ್ದೆ ಮಾಡ್ತಿರ್ಬೇಕು ಪಾಪ," ಎಂದರು ಇವರು.

ನಿದ್ದೆ ಮಾಡುತ್ತಿದ್ದವರು ಸ್ವಲ್ಪ ಹೊತ್ತಿನಲ್ಲೇ ಕೆಳಗೆ ಬಂದು ಹಾರನ್ ಹೊಡೆದರು. ನಾವು ಇಳಿಯದಿದ್ದದ್ದಕ್ಕೆ ಏದುಸಿರು ಬಿಡುತ್ತ ಮೇಲೆ ಹತ್ತಿಬಂದರು. ಲುಂಗಿಯಲ್ಲಿದ್ದ ನನ್ನ ಗಂಡನನ್ನು ನೋಡಿ ಬಾಗಿಲಲ್ಲೇ ನಿಂತರು.

"ಇನ್ನೂ ರೆಡಿ ಆಗಿಲ್ವಾ ಸಾರ್?"

"ಚೀನಾ ಕೈ ಎತ್ತಿತು ಅಂದ್ರಲ್ಲ?"

"ಅದಕ್ಕೇ ತಾನೇ ಹೊರಟಿರೋದು! ಬೇಕು ಅಂತಲೂ ಇಲ್ಲ, ಬೇಡ ಅಂತಲೂ ಇಲ್ಲ. ತಟಸ್ಥ. ಸುಮ್ನೆ ಕೂತ್ಬಿಟ್ರು. ಯುದ್ಧಕ್ಕೆ ಒಪ್ಪಿಗೆ ಸಿಕ್ತು. ಇರಾಕಿಗೆ ಜನವರಿವರೆಗೆ ಗಡುವು, ಆಮೇಲೆ ಬಾಂಬ್ ಬೀಳುತ್ತೆ. ಯಲ್ಲಾ, ಹೊರಡಿ."

ಅದೇ ದಿನ ಚೀನಾದ ವಿದೇಶಾಂಗ ಮಂತ್ರಿಯನ್ನು ಅಮೆರಿಕದ ಅಧ್ಯಕ್ಷರು ಮನೆಗೆ ಕರೆದು ಮಾತಾಡಿಸಿದರೆಂದು ನಾನು ಬಹಳ ಕಾಲದ ಮೇಲೆ ಓದಿದೆ. ಹಿಂದಿನ ವರ್ಷ ರಾಜಧಾನಿಯ ಚೌಕದಲ್ಲಿ ಸ್ವಂತ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿಸಿದ ಚೀನಾಕ್ಕೆ ದೊಡ್ಡ ದೇಶಗಳು ಅಲ್ಲಿಯವರೆಗೆ ಬಾಗಿಲು ಮುಚ್ಚಿದ್ದವಂತೆ. ಸುಮ್ಮನೆ ಕೂತದ್ದಕ್ಕೆ ಅದು ತೆರೆಯಿತು. ಫ್ಲಾಸ್ಕಿನ ಮೇಲೆ ಇದನ್ನೆಲ್ಲ ಬರೆದಿರುವುದಿಲ್ಲ.

ಇವರು ಪ್ಯಾಂಟ್ ಹಾಕಿಕೊಂಡು ಬಂದರು. ಆದರೆ ಬಂದು ಕುರ್ಚಿಯಲ್ಲಿ ಕೂತರು.

"ನೀನು ಮಗುವನ್ನು ಕರ್ಕೊಂಡು ಹೋಗು. ನಾನು ನೋಡ್ತೇನೆ."

"ಏನು ನೋಡ್ತೀರಿ?"

"ಅಂಗಡಿ ಉಂಟಲ್ಲ. ನೋಡುವ."

ನನಗೆ ಮೈಯೆಲ್ಲ ಉರಿದುಹೋಯಿತು. ಮಗಳಿಗೆ ಆಗಷ್ಟೇ ಹಾಕಿದ್ದ ಬೂಟುಗಳನ್ನು ಎಳೆದು ತೆಗೆದು ನೆಲಕ್ಕೆ ಬಿಸಾಡಿದೆ. "ನೀವು ಬರದಿದ್ರೆ ಇವಳೂ ಬರಲ್ಲ, ನಾನೂ ಬರಲ್ಲ. ಬಾಂಬ್ ಬಿದ್ರೆ ಮೂವರ ಮೇಲೂ ಬೀಳಲಿ. ನೋಡುವ ಗೀಡುವ ಎಲ್ಲ ಬೇಡ. ಹೂಂ ಅನ್ನಿ, ಇಲ್ಲಾ ಊಹೂಂ ಅನ್ನಿ."

ಎಂಜಿನಿಯರು ನಮ್ಮ ಕ್ಯಾಲೆಂಡರನ್ನು ಗಮನವಿಟ್ಟು ಓದತೊಡಗಿದರು. ಮಗಳು ಅಳಲಿಲ್ಲ, ಒಮ್ಮೆ ನನ್ನನ್ನು, ಒಮ್ಮೆ ಇವರನ್ನು ನೋಡಿದಳು. ಇವರು ಕುರ್ಚಿಯಿಂದ ಎದ್ದು, ನೆಲದ ಮೇಲೆ ಕೂತು, ಅವಳ ಬೂಟು ಹಾಕಿ ಲೇಸು ಕಟ್ಟಿದರು. ಆಮೇಲೆ ತಮ್ಮದನ್ನು ಹುಡುಕಿ ಹಾಕಿಕೊಂಡರು.

ಜಹ್ರಾದ ಚೆಕ್‌ಪೋಸ್ಟಿನಲ್ಲಿ ಸೈನಿಕರು ನಮ್ಮನ್ನು ಕಾರಿನಿಂದ ಇಳಿಸಿ, ಚೀಲ ಬಿಚ್ಚಿಸಿ, ನನ್ನ ಹೊಸ ಟವೆಲ್ ಇಟ್ಟುಕೊಂಡು ಮುಂದೆ ಹೋಗಲು ಬಿಟ್ಟರು. ಊರು ಮುಗಿದು ಎರಡೂ ಕಡೆ ಬರೀ ಮರಳು ಬಂತು. ಮಗಳು ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತಿದ್ದ ಇವರು ಅಳುತ್ತಿದ್ದಾರೆಂದು ನನಗೆ ತಡವಾಗಿ ತಿಳಿಯಿತು. ಮದುವೆಯಾದಂದಿನಿಂದ ನಾನು ಅದನ್ನು ನೋಡಿರಲಿಲ್ಲ.

"ಅಂಗಡಿಯೂ ಅಲ್ಲ, ಚೀನಾವೂ ಅಲ್ಲ," ಎಂದರು ಮೆಲ್ಲಗೆ. "ನನಗೆ ಹೆದರಿಕೆ ಮಾರಾಯ್ತಿ. ಉಳೀಲಿಕ್ಕೂ ಹೆದರಿಕೆ, ಈ ರಸ್ತೆಯಲ್ಲಿ ನಿಮ್ಮನ್ನು ಕರ್ಕೊಂಡು ಹೋಗ್ಲಿಕ್ಕೂ ಹೆದರಿಕೆ."

ಆಗಸ್ಟಿನಿಂದ ನಾನು ಈ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಂಡೇ ಇದ್ದೆ.

"ನನಗೂ," ಎಂದೆ.