ಬಾಯಿಲೆ ಕರೆದ ಹೆಸರು

ಸಣ್ಣ ಶಾಲೆಗಳನ್ನು ಮುಚ್ಚಬೇಕೋ ಬೇಡವೋ ಎಂದು ನಾನು ಸ್ಪರ್ಧೆಗೆ ಪ್ರಬಂಧ ಬರೆದದ್ದು ಹಾನಗಲ್ಲಿನಲ್ಲಿ ಡಿಗ್ರಿ ಓದುವಾಗ. ಮುಚ್ಚಬೇಕು ಎಂಬುದು ನನ್ನ ವಾದ. ಆಗೆಲ್ಲ ವಾದ ಮಾಡದಿದ್ದರೆ ನನಗೆ ತಿಂದ ಅನ್ನ ಅರಗುತ್ತಿರಲಿಲ್ಲ. ಮೊಬೈಲಿನಲ್ಲಿ ಸುದ್ದಿ ಓದಿ ನಾಲ್ಕು ಪುಟ ತುಂಬಿಸಿ ಒಯ್ದರೆ ಕನ್ನಡದ ಸರ್ ತೆರೆದೂ ನೋಡಲಿಲ್ಲ. “ಒಂದರ ಸಾಲಿ ಕಣ್ಣಿಲೆ ನೋಡ್ಕೊಂಡ ಬಾ, ಆಮ್ಯಾಲೆ ಬರಿ” ಅಂದರು.

ಸಿಟ್ಟಿನಲ್ಲೇ ಬಸ್ಸು ಹತ್ತಿದೆ. ಶಿಗ್ಗಾಂವಿಯಲ್ಲಿ ಇಳಿದು ಮತ್ತೊಂದು ಬಸ್ಸು ಹಿಡಿದು ದುಂಡಸಿ ಕಡೆಯ ಒಂದು ಸಣ್ಣ ಊರಿನ ಶಾಲೆಗೆ ಹೋದೆ. ಒಂದೇ ಕೋಣೆ, ಒಬ್ಬರೇ ಅಕ್ಕೋರು, ಪಕ್ಕದಲ್ಲಿ ಬಿಸಿಯೂಟದ ಅಡುಗೆಮನೆ. ಅಕ್ಕೋರು ಹಾಜರಿ ಕರೆಯುತ್ತಿದ್ದರು. ಹಿಂದೆ ಕುಳಿತು ಎಣಿಸಿದೆ. ತಲೆಗಳಿಗಿಂತ ಹೆಸರು ಒಂದು ಹೆಚ್ಚು. ಆಗಲೇ ತನ್ನ ಹೆಸರಿಗೆ ಓಗೊಟ್ಟಿದ್ದ ಹುಡುಗಿ ಇನ್ನೊಂದು ಹೆಸರಿಗೂ “ಹಾಜರ್ ರೀ” ಅಂದಳು.

ಸಿಕ್ಕಿಬಿದ್ದರು ಅಂದುಕೊಂಡೆ. ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಲಿ.

ಕೇಳಿದಾಗ ಅಕ್ಕೋರು ದನಿ ತಗ್ಗಿಸಿ ರಿಜಿಸ್ಟರ್ ತೋರಿಸಿದರು. “ಆ ಇನ್ನೊಂದ ಹೆಸರಿನ ಹುಡುಗಿ ಹ್ವಾದ ವರ್ಷ ಜ್ವರ ಬಂದು ತೀರ್ಕೊಂಡ್ಳವಾ. ಇಲ್ಲಿ ಗೆರಿ ಎಳದೇನಿ, ನೋಡು. ಬಾಯಿಲೆ ಅಷ್ಟ ಕರೀತೇನಿ. ಅಡಗಿ ಮಾಡ್ತಾಳಲ್ಲ, ಆಕಿನ ಅವರವ್ವ. ಮಗಳ ಹೆಸರು ಕಿವಿಗೆ ಬಿದ್ದ ಮ್ಯಾಲೇ ಒಲಿ ಹಚ್ತಾಳ.”

ಗೆರೆ ನೋಡಿದೆ. ಕೆಂಪು ಶಾಯಿಯಲ್ಲಿ ನೆಟ್ಟಗಿತ್ತು. ಪ್ರಬಂಧದಲ್ಲಿ ಅದನ್ನು ಬರೆಯಲಿಲ್ಲ. ಸತ್ತ ಮಗುವಿಗೂ ಹಾಜರಿ ಸಿಗುವ ಶಾಲೆಗಳಿವೆ ಎಂದು ಬರೆದು ಊರಿನ ಹೆಸರನ್ನೂ ಹಾಕಿದೆ. ಮೊದಲ ಬಹುಮಾನ ಬಂತು, ಪತ್ರಿಕೆಯಲ್ಲಿ ಅಚ್ಚೂ ಆಯಿತು. ಅದನ್ನು ಓದಿ ಯಾರೋ ಆ ಶಾಲೆಗೆ ವಿಚಾರಣೆಗೆ ಹೋದರಂತೆ. “ರಿಜಿಸ್ಟರ್ ಸರಿ ಇತ್ತಂತ” ಅಂದರು ಸರ್.

ಮನಸ್ಸು ತಡೆಯದೆ ಇನ್ನೊಮ್ಮೆ ಹೋದೆ. ಹಾಜರಿ ನಡೆದಿತ್ತು. ಆ ಹೆಸರು ಬರಬೇಕಾದಲ್ಲಿ ಅಕ್ಕೋರು ಒಂದು ಗಳಿಗೆ ತಡೆದು ಮುಂದಿನ ಹೆಸರು ಕರೆದರು. ಅಡುಗೆಮನೆಯ ಬಾಗಿಲಲ್ಲಿ ತಾಯಿ ಕಡ್ಡಿಪೆಟ್ಟಿಗೆ ಹಿಡಿದು ನಿಂತಿದ್ದಳು. ಹಾಜರಿ ಮುಗಿದ ಮೇಲೂ ನಿಂತೇ ಇದ್ದಳು. ಈಗ ನಾನೂ ಪಾಠ ಹೇಳುತ್ತೇನೆ; ಹಾಜರಿ ಕರೆಯುವಾಗ ಬಾಗಿಲ ಕಡೆ ನೋಡಲು ಹೆದರಿಕೆಯಾಗುತ್ತದೆ.

ಬರೆದವಳು ನಾನೇ ಎಂದು ಆ ತಾಯಿಗೆ ಗೊತ್ತಿರಲಿಲ್ಲ. ಹತ್ತಿರ ಬಂದು ಕೇಳಿದಳು: “ನೀವು ಓದಿದವ್ರ ಅದೀರಿ. ಅಕ್ಕೋರು ಯಾಕೋ ನನ್ನ ಮಗಳ ಹೆಸರು ಬಿಟ್ಟಾರ್ರಿ. ಒಂದ್ ಮಾತು ಹೇಳ್ರಿ ಅವ್ರಿಗೆ.”

“ಹೇಳ್ತೇನಿ” ಅಂದೆ. ಹೇಳದೆ ಬಸ್ಸು ಹತ್ತಿದೆ.